ಸಮಯಪಾಲಕ ವಿಶ್ವೇಶ್ವರಯ್ಯ

ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ನದಿಯು ದಕ್ಷಿಣಕ್ಕೆ ಹರಿದು ಕುಣಿಗಲ್ ತಾಲ್ಲೂಕನ್ನು ಸೇರಿದ ಮೇಲೆ, ಮಾರ್ಕೋನಹಳ್ಳಿಯೆಂಬ ಗ್ರಾಮದ ಬಳಿ ಅದಕ್ಕೆ ಅಡ್ಡಲಾಗಿ ಒಂದು ಜಲಾಶಯವನ್ನು ಕಟ್ಟಲಾಗಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕಾಲದಲ್ಲಿ ರೂಪುಗೊಂಡ ಈ ಜಲಾಶಯದಲ್ಲಿ ಸುಮಾರು 240 ಕೋಟಿ ಘನ ಅಡಿ ನೀರು ನಿಲ್ಲುತ್ತದೆ. ಆದರೆ ಮಾರ್ಕೋನಹಳ್ಳಿಯ ಹೆಸರು ದೂರದೂರಿನವರಿಗೆ ಪರಿಚಿತವಾಗಿರುವುದು ನೀರಿನ ಪ್ರಮಾಣದಿಂದಲ್ಲ. ಅಲ್ಲಿರುವ ಸೈಫನ್ ವ್ಯವಸ್ಥೆಯಿಂದ. ಜಲಾಶಯದ ನೀರು ಗೊತ್ತುಪಡಿಸಿದ ಮಟ್ಟವನ್ನು ಮೀರಿದೊಡನೆ ಸೈಫನ್ನಿನ ಕೊಳವೆ ತುಂಬಿ, ಒಳಗಿನ ಗಾಳಿ ಹೊರದೂಡಲ್ಪಟ್ಟು, ಹೆಚ್ಚಿನ ನೀರು ತಾನಾಗಿಯೇ ಹೊರಕ್ಕೆ ಧುಮ್ಮಿಕ್ಕುತ್ತದೆ. ಮಟ್ಟ ಇಳಿದಾಗ ಗಾಳಿ ಒಳಹೊಕ್ಕು ಹರಿವು ತಾನಾಗಿಯೇ ನಿಲ್ಲುತ್ತದೆ. ಬಾಗಿಲನ್ನು ಎತ್ತುವ ಆಳು ಬೇಕಿಲ್ಲ. ಅಪ್ಪಣೆ ಕೊಡುವ ಅಧಿಕಾರಿಯೂ ಬೇಕಿಲ್ಲ. ನಡುರಾತ್ರಿಯಲ್ಲಿ ಪ್ರವಾಹ ಬಂದರೂ ಅದು ತನ್ನ ಕೆಲಸವನ್ನು ಮರೆಯುವುದಿಲ್ಲ.

ಈ ಭಾಗದ ಜನರು ಆ ಜಲಾಶಯವನ್ನು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರಿನೊಡನೆ ಸೇರಿಸಿಯೇ ಹೇಳುವುದು ವಾಡಿಕೆ. ಇದು ಸಹಜವೇ ಆಗಿದೆ. ಯಾರ ಕಾವಲೂ ಇಲ್ಲದೆ ತಾನಾಗಿ ನಡೆಯುವ ವ್ಯವಸ್ಥೆಗಳ ಮೇಲೆ ವಿಶ್ವೇಶ್ವರಯ್ಯನವರಿಗೆ ಅಪಾರವಾದ ಒಲವಿತ್ತು. ಅಂತಹ ವ್ಯವಸ್ಥೆಯನ್ನು ಅವರು ಅಣೆಕಟ್ಟುಗಳಲ್ಲಿ ಮಾತ್ರವಲ್ಲದೆ ತಮ್ಮ ದಿನಚರಿಯಲ್ಲಿಯೂ ನಿರ್ಮಿಸಿಕೊಂಡಿದ್ದರು. ಅವರು ಕಟ್ಟಿದ ಕಟ್ಟಡಗಳನ್ನು ಕುರಿತು ನೀವು ಹಿಂದಿನ ತರಗತಿಗಳಲ್ಲಿ ಓದಿರಬಹುದು. ಇಲ್ಲಿ ಹೇಳಹೊರಟಿರುವುದು ಮುಖ್ಯವಾಗಿ ಅವರು ತಮ್ಮ ಹೊತ್ತನ್ನು ಹೇಗೆ ಬಳಸಿದರು ಎಂಬ ಸಂಗತಿಯನ್ನು.

ಶಾಲೆಯಲ್ಲಿ ಓದುವ ವಿದ್ಯಾರ್ಥಿಗೆ ಹೊತ್ತಿನ ಚಿಂತೆ ಅಷ್ಟಾಗಿ ಇರುವುದಿಲ್ಲ. ಗಂಟೆ ಬಾರಿಸುತ್ತದೆ, ಉಪಾಧ್ಯಾಯರು ಬರುತ್ತಾರೆ, ಒಂದು ಪಾಠ ಮುಗಿದು ಇನ್ನೊಂದು ಪಾಠ ಆರಂಭವಾಗುತ್ತದೆ. ಆದರೆ ಎಲ್ಲರ ವಿದ್ಯಾಭ್ಯಾಸವೂ ಕೊನೆಯವರೆಗೆ ಹೀಗೆ ನಡೆಯುವುದಿಲ್ಲ. ಪ್ರೌಢಶಾಲೆ ಮುಗಿಸಿದ ಅನೇಕರು ಹೊಲದ ಕೆಲಸಕ್ಕೋ, ಅಂಗಡಿಯ ಲೆಕ್ಕಕ್ಕೋ, ಕಾರ್ಖಾನೆಯ ಪಾಳಿಗೋ ಹೋಗಬೇಕಾಗುತ್ತದೆ. ಅಂಥವರು ಅಂಚೆಯ ಮೂಲಕ ಪಾಠಗಳನ್ನು ತರಿಸಿಕೊಂಡು ಮನೆಯಲ್ಲಿಯೇ ಓದಿ ಪದವಿ ಪಡೆಯುವ ಏರ್ಪಾಡು ನಮ್ಮ ನಾಡಿನಲ್ಲಿ ಇದೆ. ಇದನ್ನು ಕನ್ನಡದಲ್ಲಿ ತೆರಪಿನ ಶಿಕ್ಷಣವೆಂದು ಕರೆದವರ ಪದಜ್ಞಾನವನ್ನು ಮೆಚ್ಚಬೇಕು. ತೆರಪು ಎಂದರೆ ಎರಡು ಕೆಲಸಗಳ ನಡುವೆ ದೊರೆಯುವ ಬಿಡುವು. ಆ ಬಿಡುವೇ ಅಲ್ಲಿ ಪಾಠಶಾಲೆ. ಗಂಟೆ ಬಾರಿಸುವವರಿಲ್ಲ, ಹಾಜರಿ ಕರೆಯುವವರಿಲ್ಲ. ಪಾಠದ ಕಟ್ಟುಗಳು ಬಂದು ಮೂಲೆ ಸೇರಿದರೂ ಕೇಳುವವರಿಲ್ಲ. ಪರೀಕ್ಷೆಯ ತಿಂಗಳು ಬಂದಾಗ ಮಾತ್ರ ಕಟ್ಟುಗಳೆಲ್ಲವೂ ಒಮ್ಮೆಗೇ ಕಣ್ಣ ಮುಂದೆ ನಿಲ್ಲುತ್ತವೆ. ಬುದ್ಧಿಶಕ್ತಿಯಲ್ಲಿ ಯಾರಿಗೂ ಕಡಿಮೆಯಿಲ್ಲದವರು ಹೊತ್ತನ್ನು ಹಂಚಿಕೊಳ್ಳಲು ತಿಳಿಯದೆ ಹೀಗೆ ನಡುದಾರಿಯಲ್ಲಿ ಓದನ್ನು ಕೈಬಿಟ್ಟಿರುವುದುಂಟು. ವಿಶ್ವೇಶ್ವರಯ್ಯನವರು ಅಂಚೆಯ ಪಾಠ ಓದಿದವರಲ್ಲ. ಆದರೂ ತೆರಪಿನಲ್ಲಿ ಓದುವವರು ಅವರ ಬಾಳಿನಲ್ಲಿ ನೋಡಬೇಕಾದುದು ಬಹಳವಿದೆ.

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ಆಯುರ್ವೇದವನ್ನು ಬಲ್ಲವರು. ತಾಯಿ ವೆಂಕಟಲಕ್ಷ್ಮಮ್ಮನವರು ದೈವಭಕ್ತೆ. ಮನೆಯಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ, ಹಣಕ್ಕೆ ಇತ್ತು. ಮಗ ಇನ್ನೂ ಚಿಕ್ಕವನಾಗಿದ್ದಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಆರಂಭದ ಓದು ಮುಗಿಸಿದ ಹುಡುಗ ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರ ಆಶ್ರಯವನ್ನು ಹುಡುಕಿಕೊಂಡು ಬಂದು, ವೆಸ್ಲಿಯನ್ ಮಿಷನ್ ಶಾಲೆಯಲ್ಲಿ ಓದಿ, ಮುಂದೆ ಸೆಂಟ್ರಲ್ ಕಾಲೇಜನ್ನು ಸೇರಿದರು.

ಕಾಲೇಜಿನ ಖರ್ಚನ್ನು ತೂಗಿಸುವುದು ಸುಲಭವಾಗಿರಲಿಲ್ಲ. ಮಾವನವರ ಸಂಸಾರಕ್ಕೆ ಹೆಚ್ಚಿನ ಭಾರವಾಗಬಾರದೆಂದು ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದ ಒಬ್ಬ ಕೊಡವ ಗೃಹಸ್ಥರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸವನ್ನು ಒಪ್ಪಿಕೊಂಡರು. ಹೀಗೆ ಒಬ್ಬನೇ ಹುಡುಗ ದಿನದಲ್ಲಿ ಒಂದು ಹೊತ್ತು ಶಿಷ್ಯನೂ ಇನ್ನೊಂದು ಹೊತ್ತು ಗುರುವೂ ಆಗಬೇಕಾಯಿತು. ನಡುವೆ ನಡಿಗೆ. ಆಗ ಬೆಂಗಳೂರಿನಲ್ಲಿ ಬಡ ವಿದ್ಯಾರ್ಥಿಗೆ ಕಾಲುಗಳಲ್ಲದೆ ಬೇರೆ ವಾಹನವಿರಲಿಲ್ಲ. ಕಾಲೇಜಿನ ಹೊತ್ತು ಕಾಲೇಜಿಗೆ ಹೋಯಿತು. ಮನೆಪಾಠದ ಹೊತ್ತು ಅನ್ನಕ್ಕೆ ಹೋಯಿತು. ಉಳಿದ ಅಲ್ಪಸ್ವಲ್ಪ ಹೊತ್ತು ಮಾತ್ರ ಸ್ವಂತ ಓದಿಗೆ ಸಿಕ್ಕಿತು. ಕಾಲದ ಬೆಲೆಯನ್ನು ಅವರು ಪುಸ್ತಕದಿಂದ ಕಲಿತರೆಂದು ಹೇಳಲಾಗದು. ಹಣವಿಲ್ಲದ ಮನೆಯಲ್ಲಿ ಕಾಸನ್ನು ಎಣಿಸಿ ಖರ್ಚು ಮಾಡುವಂತೆ, ಬಿಡುವಿಲ್ಲದ ದಿನದಲ್ಲಿ ಗಳಿಗೆಗಳನ್ನು ಎಣಿಸಿ ಖರ್ಚು ಮಾಡುವುದು ಅವರಿಗೆ ಅನಿವಾರ್ಯವಾಯಿತು. ಅನೇಕರಲ್ಲಿ ಇಂತಹ ಅನಿವಾರ್ಯತೆ ತೀರಿದೊಡನೆ ಅದರಿಂದ ಹುಟ್ಟಿದ ಅಭ್ಯಾಸವೂ ತೀರಿಹೋಗುತ್ತದೆ. ಇವರಲ್ಲಿ ಅದು ಕೊನೆಯವರೆಗೆ ಉಳಿದುದೇ ವಿಶೇಷ.

ಕಾಲೇಜಿನ ಪ್ರಾಂಶುಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಅವರು ಈ ಶಿಷ್ಯನನ್ನು ಬೇಗ ಗುರುತಿಸಿದರು. ಗಣಿತದಲ್ಲಿ ಅವನಿಗಿದ್ದ ಚುರುಕನ್ನು ಮೆಚ್ಚಿ, ತಮ್ಮ ಬಳಿಯಿದ್ದ ವೆಬ್‌ಸ್ಟರ್ ನಿಘಂಟನ್ನು ಅವನಿಗೆ ಕಾಣಿಕೆಯಾಗಿ ಕೊಟ್ಟರು. 1881ರಲ್ಲಿ ವಿಶ್ವೇಶ್ವರಯ್ಯನವರು ಬಿ.ಎ. ಪದವಿಯನ್ನು ಉನ್ನತ ಮಟ್ಟದಲ್ಲಿ ಪಡೆದರು. ಅದೇ ಸಮಯಕ್ಕೆ ಮೈಸೂರು ಸಂಸ್ಥಾನದ ಆಡಳಿತವು ಬ್ರಿಟಿಷರ ಕೈಯಿಂದ ಒಡೆಯರ ಮನೆತನಕ್ಕೆ ಹಿಂದಿರುಗಿ, ರಂಗಾಚಾರ್ಲು ಅವರು ದಿವಾನರಾಗಿದ್ದರು. ಸಂಸ್ಥಾನದ ವಿದ್ಯಾರ್ಥಿವೇತನ ದೊರೆತು, ವಿಶ್ವೇಶ್ವರಯ್ಯನವರು ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ ಎಂಜಿನಿಯರಿಂಗ್ ಓದಿದರು. 1883ರ ಪರೀಕ್ಷೆಯಲ್ಲಿ ಮುಂಬಯಿ ಪ್ರಾಂತಕ್ಕೇ ಮೊದಲಿಗರಾಗಿ ಜೇಮ್ಸ್ ಬರ್ಕ್ಲಿ ಪಾರಿತೋಷಕವನ್ನು ಗಳಿಸಿದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರಾಗಿ ನೇಮಕಗೊಂಡರು.

ಶಾಲಾಕಾಲೇಜುಗಳ ಗಂಟೆ ಅಲ್ಲಿಗೆ ನಿಂತಿತು. ಕಲಿಯುವುದು ಮಾತ್ರ ನಿಲ್ಲಲಿಲ್ಲ. ಹೊಸದಾಗಿ ಸೇರಿದ ಎಂಜಿನಿಯರುಗಳು ಇಲಾಖೆಯ ಪರೀಕ್ಷೆಗಳನ್ನು ಮುಗಿಸಬೇಕಾಗಿತ್ತು. ಪ್ರಾಂತದ ಜನಭಾಷೆಯನ್ನೂ ಅರಿಯಬೇಕಾಗಿತ್ತು. ನಾಸಿಕ, ಖಾನದೇಶಗಳಂತಹ ಜಿಲ್ಲೆಗಳಲ್ಲಿ ಕಾಲುವೆಯ ದಂಡೆಯ ಮೇಲೋ ಗುಡಾರದಲ್ಲಿಯೋ ದಿನ ಕಳೆಯುವ ತರುಣನಿಗೆ ಈ ಪರೀಕ್ಷೆಗಳಿಗೆ ಪಾಠ ಹೇಳುವವರು ಯಾರಿದ್ದರು? ಹಗಲೆಲ್ಲ ಕೆಲಸಗಾರರ ನಡುವೆ ನಿಂತು, ಸಂಜೆ ಲೆಕ್ಕಪತ್ರಗಳನ್ನು ಬರೆದು, ಆಮೇಲೆ ಉಳಿದುದರಲ್ಲಿ ಓದಬೇಕು. ಇಂದು ಅಂಚೆಯ ಮೂಲಕ ಓದುವವರ ಪರಿಸ್ಥಿತಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಬೆಂಗಳೂರಿನ ಮನೆಪಾಠದ ದಿನಗಳಲ್ಲಿ ರೂಢಿಯಾಗಿದ್ದ ವೇಳೆಯ ಹಂಚಿಕೆ ಇಲ್ಲಿ ಅವರ ನೆರವಿಗೆ ಬಂದಿತು. ಪರೀಕ್ಷೆಗಳು ಮುಗಿದುವು, ಸೇವೆಯಲ್ಲಿ ಕೆಲವೇ ಕಾಲದಲ್ಲಿ ಮೇಲಿನ ದರ್ಜೆಯೂ ದೊರೆಯಿತು.

ಆ ಆರಂಭದ ದಿನಗಳಲ್ಲಿ ನಡೆದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಖಾನದೇಶದಲ್ಲಿ ಪಾಂಜ್ರಾ ಎಂಬ ನದಿಯಿದೆ. ದಾತರ್ತಿ ಎಂಬ ಹಳ್ಳಿಯ ಬಳಿ ಹರಿವಿಗೆ ಅಡ್ಡಲಾಗಿ ಕೊಳವೆಯ ಸೈಫನ್ನನ್ನು ಹಾಕಿ ನೀರನ್ನು ಆಚೆಯ ದಡಕ್ಕೆ ಒಯ್ಯುವ ಕೆಲಸವನ್ನು ವಿಶ್ವೇಶ್ವರಯ್ಯನವರಿಗೆ ಒಪ್ಪಿಸಲಾಯಿತು. ಇದು ಮಾರ್ಕೋನಹಳ್ಳಿಯ ಸೈಫನ್ನಿನಂತಹುದಲ್ಲ. ಅಲ್ಲಿ ಕೊಳವೆ ಅಣೆಯ ನೆತ್ತಿಯನ್ನು ಏರಿ ಇಳಿಯುತ್ತದೆ; ಇಲ್ಲಿ ಹೊಳೆಯ ತಳದಲ್ಲಿ ಇಳಿದು ಆಚೆ ಏರುತ್ತದೆ. ಕೆಲಸ ನಡೆಯುತ್ತಿದ್ದಾಗ ಮಳೆ ಹಿಡಿಯಿತು. ತೋಡಿದ ಗುಂಡಿಯನ್ನು ಹೊಳೆಯ ಮರಳು ಮತ್ತೆ ಮತ್ತೆ ತುಂಬಿತು. ಮಳೆಗಾಲ ಕಳೆದ ಮೇಲೆ ಕೆಲಸವನ್ನು ಮುಂದುವರಿಸುವುದು ಲೇಸೆಂದು ಅವರು ಮೇಲಧಿಕಾರಿಗೆ ಬರೆದರು. ಸಲಹೆ ಅಸಂಗತವಾಗಿರಲಿಲ್ಲ. ಆದರೆ ಮೇಲಧಿಕಾರಿಗೆ ಅದು ಹಿಡಿಸಲಿಲ್ಲ; ಕೆಲಸಕ್ಕೆ ಬಂದ ಹೊಸಬನಲ್ಲಿ ಶಿಸ್ತು ಸಾಲದೆಂಬ ಭಾವನೆ ಅವರ ಉತ್ತರದಲ್ಲಿ ಕಂಡಿತು. ತರುಣ ಎಂಜಿನಿಯರು ವಾದಕ್ಕೆ ಇಳಿಯಲಿಲ್ಲ. ಮಳೆಯ ನಡುವೆ ಎಷ್ಟು ಹೊತ್ತು ಸಿಕ್ಕಿದರೆ ಅಷ್ಟು ಹೊತ್ತನ್ನು ಬಳಸಿಕೊಂಡು ಕೆಲಸವನ್ನು ಮುಗಿಸಿಕೊಟ್ಟರು. ಅದೇ ಅಧಿಕಾರಿ ಮುಂದೆ ಅವರ ಕೆಲಸವನ್ನು ಮೆಚ್ಚಿಕೊಂಡರು. ಅನುಕೂಲವಾದ ಕಾಲ ಬರಲಿ ಎಂದು ಕಾಯುವ ಬದಲು, ಇರುವ ಕಾಲದ ಚೂರುಗಳನ್ನೇ ಕೂಡಿಸಿ ಕೆಲಸ ಮಾಡುವ ಪಾಠವನ್ನು ಅವರು ಆ ಹೊಳೆಯ ದಂಡೆಯಲ್ಲಿ ಕಲಿತರೆಂದು ತೋರುತ್ತದೆ.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅವರು ಮಾಡಿದ ಕೆಲಸಗಳು ಹಲವು. ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಸಿಂಧೂ ನದಿಯ ಕೆಸರು ನೀರನ್ನು ಶುದ್ಧಗೊಳಿಸಿ ಒದಗಿಸಿದರು. ಪುಣೆಯ ಹತ್ತಿರದ ಖಡಕ್ವಾಸ್ಲಾ ಜಲಾಶಯಕ್ಕೆ 1903ರಲ್ಲಿ, ನೀರಿನ ಒತ್ತಡಕ್ಕೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಅಳವಡಿಸಿದರು. ಆದರೆ ನಮ್ಮ ವಿಷಯಕ್ಕೆ ಹತ್ತಿರವಾದುದು 1899ರ ಸುಮಾರಿಗೆ ಅವರು ನೀರಾವರಿಯಲ್ಲಿ ಜಾರಿಗೆ ತಂದ ಬ್ಲಾಕ್ ಪದ್ಧತಿ.

ಅದಕ್ಕೆ ಮುಂಚೆ ಪುಣೆ ಜಿಲ್ಲೆಯ ನೀರಾ ಕಾಲುವೆಯ ಅಚ್ಚುಕಟ್ಟಿನಲ್ಲಿ ನಡೆಯುತ್ತಿದ್ದ ರೀತಿಯೇ ಬೇರೆ. ಕಾಲುವೆಯ ತಲೆಯಲ್ಲಿದ್ದ ಉಳ್ಳವರು ಕಬ್ಬಿನ ಗದ್ದೆಗಳಿಗೆ ಬೇಕಾದುದಕ್ಕಿಂತ ಹೆಚ್ಚು ನೀರನ್ನು ಹರಿಸುತ್ತಿದ್ದರು. ಅವರ ಭೂಮಿ ಜೌಗಾಗಿ ಹಾಳಾಗುತ್ತಿತ್ತು, ಸೊಳ್ಳೆಯ ಕಾಟದಿಂದ ಮಲೇರಿಯಾ ಹರಡುತ್ತಿತ್ತು. ಕಾಲುವೆಯ ಕೊನೆಯಲ್ಲಿದ್ದವರಿಗೆ ನೀರೇ ಇಲ್ಲ. ವಿಶ್ವೇಶ್ವರಯ್ಯನವರು ಹಳ್ಳಿಹಳ್ಳಿಗೂ ಒಳ್ಳೆಯ ನೆಲವಿರುವ ಕಡೆ ಗೊತ್ತಾದ ಬ್ಲಾಕುಗಳನ್ನು ಗುರುತಿಸಿ, ನೀರನ್ನು ಅಲ್ಲಿಗೆ ಮಾತ್ರ, ಲೆಕ್ಕದ ಪ್ರಕಾರ, ಸರದಿಯಂತೆ ಕೊಡಬೇಕೆಂದು ಸೂಚಿಸಿದರು. ಒಂದು ಬ್ಲಾಕಿನ ಮೂರನೆಯ ಒಂದು ಭಾಗದಲ್ಲಿ ಮಾತ್ರ ಹೆಚ್ಚು ನೀರು ಬೇಡುವ ಕಬ್ಬು. ಉಳಿದ ಭಾಗದಲ್ಲಿ ಕಡಿಮೆ ನೀರಿನ ಬೆಳೆಗಳು. ಮುಂದಿನ ವರ್ಷ ಕಬ್ಬಿನ ಸರದಿ ಬೇರೊಂದು ಭಾಗಕ್ಕೆ. ಮೊದಲಿಗೆ ರೈತರೂ ಪತ್ರಿಕೆಗಳೂ ಇದನ್ನು ವಿರೋಧಿಸಿದುವು. ವಿಶ್ವೇಶ್ವರಯ್ಯನವರು ರೈತರ ಸಭೆಗಳಿಗೆ ಹೋಗಿ ತಿಳಿಯ ಹೇಳಿದರು. ಕೆಲವೇ ವರ್ಷಗಳಲ್ಲಿ ಅಷ್ಟೇ ನೀರು ಹೆಚ್ಚು ಹಳ್ಳಿಗಳಿಗೆ ಒದಗಿತು. ಆಗ ಬಂದ ನೀರಾವರಿ ಆಯೋಗವೂ ಈ ಪದ್ಧತಿಯನ್ನು ಮೆಚ್ಚಿತು.

ನೀರನ್ನು ಹೆಚ್ಚಿಸಲಾಗದಿದ್ದರೂ ಹಂಚಿಕೆಯನ್ನು ತಿದ್ದಬಹುದು. ಹೊತ್ತಿನ ಮಾತೂ ಹೀಗೆಯೇ. ಕಬ್ಬಿನ ಗದ್ದೆಯಂತೆ ಕಠಿಣವಾದ ವಿಷಯವೊಂದು ದಿನವೆಲ್ಲವನ್ನೂ ಕುಡಿದುಬಿಡುವುದುಂಟು. ಕೊನೆಯಲ್ಲಿರುವ ವಿಷಯಗಳು ಒಣಗಿಯೇ ಉಳಿಯುತ್ತವೆ. ಕೆಲವರು ಮೆಚ್ಚಿನ ವಿಷಯಕ್ಕೆ ಮಾತ್ರ ನೀರು ಹರಿಸಿ, ಇಷ್ಟವಿಲ್ಲದುದನ್ನು ಬೀಳುಬಿಡುತ್ತಾರೆ. ವಿಶ್ವೇಶ್ವರಯ್ಯನವರ ದಿನಚರಿಯಲ್ಲಿ ಪ್ರತಿಯೊಂದು ಕೆಲಸಕ್ಕೂ ಅದರ ಬ್ಲಾಕು ಇತ್ತು. ಕಡತ ನೋಡುವ ವೇಳೆಯಲ್ಲಿ ಸಂದರ್ಶಕರಿಲ್ಲ. ಸಂದರ್ಶಕರ ವೇಳೆಯಲ್ಲಿ ಕಡತವಿಲ್ಲ. ನಡಿಗೆಗೂ ಊಟಕ್ಕೂ ನಿದ್ರೆಗೂ ಕೂಡ ಅವುಗಳ ಪಾಲನ್ನು ಅವರು ತಪ್ಪಿಸುತ್ತಿರಲಿಲ್ಲ. ನೂರು ವರ್ಷದ ಬಾಳಿಗೆ ಇದೂ ಒಂದು ಕಾರಣವಾಗಿರಬಹುದು. ಓದಿನ ಭರದಲ್ಲಿ ನಿದ್ದೆಗೆಟ್ಟು ಕಾಯಿಲೆ ಬೀಳುವವರು ಈ ಕಡೆಯ ಸಂಗತಿಯನ್ನು ಗಮನಿಸಬೇಕು.

ಬಿಡುವನ್ನು ಅವರು ಹೇಗೆ ಬಳಸುತ್ತಿದ್ದರೆಂಬುದಕ್ಕೆ ಅವರ ಪ್ರವಾಸಗಳೇ ಸಾಕ್ಷಿ. 1898ರಲ್ಲಿ ರಜೆ ಪಡೆದು ಅವರು ಜಪಾನಿಗೆ ಹೋದರು. ವಿನೋದಕ್ಕಾಗಿ ಅಲ್ಲ, ಅಲ್ಪ ಕಾಲದಲ್ಲಿ ಆ ದೇಶ ಕೈಗಾರಿಕೆಯಲ್ಲಿಯೂ ವಿದ್ಯಾಭ್ಯಾಸದಲ್ಲಿಯೂ ಮುಂದುವರಿದ ಬಗೆಯನ್ನು ಕಣ್ಣಾರೆ ಕಾಣಲು. 1908ರಲ್ಲಿ ಮುಂಬಯಿ ಸರ್ಕಾರದ ಸೇವೆಯಿಂದ ಬಿಡುಗಡೆ ಹೊಂದಲು ನಿರ್ಧರಿಸಿದ ಮೇಲೆ ಯೂರೋಪ್, ಅಮೆರಿಕಗಳನ್ನು ಸುತ್ತಿದರು. ಹೋದಲ್ಲೆಲ್ಲ ಟಿಪ್ಪಣಿ ಬರೆದುಕೊಂಡರು. ಆ ಪ್ರವಾಸದಲ್ಲಿದ್ದಾಗಲೇ ಹೈದರಾಬಾದಿನಲ್ಲಿ ಮೂಸಿ ನದಿಯ ಘೋರ ಪ್ರವಾಹ ಉಂಟಾಗಿ ಸಾವಿರಾರು ಜನರು ಸತ್ತರು. ನಿಜಾಮ ಸರ್ಕಾರದ ಕರೆಯ ಮೇರೆಗೆ ಅವರು ಅಲ್ಲಿಗೆ ಬಂದು ಪ್ರವಾಹ ತಡೆಯುವ ಯೋಜನೆಯನ್ನು ಸಿದ್ಧಪಡಿಸಿದರು. 1909ರ ನವೆಂಬರಿನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾದರು.

ಕನ್ನಂಬಾಡಿಯ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಇದರ ಕಥೆ ಎಲ್ಲರಿಗೂ ತಿಳಿದುದೇ. ಆದರೆ ಅದರ ಹಿಂದೆ ಒಂದು ತಾರೀಖು ಇದ್ದುದು ಎಲ್ಲರಿಗೂ ತಿಳಿದಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಬೇಸಗೆಯಲ್ಲಿ ಕಾವೇರಿಯ ಹರಿವು ಕುಗ್ಗಿದಾಗ ವಿದ್ಯುತ್ತೂ ಕುಗ್ಗುತ್ತಿತ್ತು. 1915ರ ಜುಲೈ ವೇಳೆಗೆ ಗಣಿಗಳಿಗೆ ಹೆಚ್ಚಿನ ವಿದ್ಯುತ್ತನ್ನು ಕೊಡುವುದಾಗಿ ಸಂಸ್ಥಾನ ಕರಾರು ಮಾಡಿಕೊಂಡಿತ್ತು. ಅಷ್ಟರಲ್ಲಿ ಕಟ್ಟೆ ಗೊತ್ತಾದ ಎತ್ತರಕ್ಕೆ ಏರಿ ನೀರು ನಿಲ್ಲದಿದ್ದರೆ ಕರಾರು ಮುರಿಯುತ್ತದೆ. ವಿಶ್ವೇಶ್ವರಯ್ಯನವರು ಕೊನೆಯ ದಿನದಿಂದ ಹಿಂದಕ್ಕೆ ಎಣಿಸುತ್ತ ಬಂದರು. ಆ ದಿನಕ್ಕೆ ಇಷ್ಟು ಎತ್ತರವಾಗಬೇಕಾದರೆ ಅದರ ಹಿಂದಿನ ಬೇಸಗೆಯ ಕೊನೆಗೆ ಎಷ್ಟಾಗಿರಬೇಕು, ಅದಕ್ಕೆ ಈ ತಿಂಗಳು ಎಷ್ಟು ಕಲ್ಲು ಬರಬೇಕು, ಈ ವಾರ ಎಷ್ಟು ಆಳುಗಳು ಬೇಕು ಎಂದು ಲೆಕ್ಕ ಹಾಕಿದರು. ಪ್ರವಾಹ ಒಂದು ವರ್ಷದ ಲೆಕ್ಕವನ್ನು ಕೆಡಿಸಿದರೆ ಉಳಿದ ತಿಂಗಳುಗಳಲ್ಲಿ ಅದನ್ನು ಹಂಚಿದರು. ಸಾವಿರಾರು ಜನ ಕೂಲಿಗಳು ಹಗಲಿನಲ್ಲಿಯೂ ದೀಪಗಳ ಬೆಳಕಿನಲ್ಲಿ ರಾತ್ರಿಯೂ ದುಡಿದರು. ರೋಗರುಜಿನಗಳು ಅವರನ್ನು ಕಾಡಿದುವು. ಕರಾರಿನ ದಿನಕ್ಕೆ ಸರಿಯಾಗಿ ನೀರು ನಿಂತಿತು, ವಿದ್ಯುತ್ತು ಹೋಯಿತು. ಈ ಕಟ್ಟೆಗಾಗಿ ಮನೆಮಠಗಳನ್ನು ಬಿಟ್ಟುಹೋದ ಹಳ್ಳಿಗಳ ಜನರನ್ನೂ ದುಡಿದ ಕೂಲಿಗಳನ್ನೂ ಮರೆತು ಎಂಜಿನಿಯರೊಬ್ಬರನ್ನೇ ಹೊಗಳುವುದು ನ್ಯಾಯವಲ್ಲ. ಆದರೂ ಆ ಲೆಕ್ಕ ಅವರದು.

ಒಂದು ವರ್ಷದ ಪಾಠಗಳನ್ನು ಒಬ್ಬನೇ ಕುಳಿತು ಓದಬೇಕಾದವನೂ ಹೀಗೆಯೇ ಎಣಿಸಬಹುದು. ಪರೀಕ್ಷೆಯ ದಿನ ಗೊತ್ತಿದೆ. ಸಂಪರ್ಕ ತರಗತಿಗಳು ನಡೆಯುವ ವಾರವೂ ಗೊತ್ತಿದೆ. ಬಿತ್ತನೆ, ಕಳೆ, ಕೊಯ್ಲುಗಳ ದಿನಗಳಲ್ಲಿ ಪುಸ್ತಕ ತೆರೆಯಲಾಗದೆಂಬುದು ರೈತನ ಮಗನಿಗೆ ಮೊದಲೇ ತಿಳಿದಿರುತ್ತದೆ; ಜಾತ್ರೆ, ಮದುವೆಗಳ ತಿಂಗಳೂ ತಿಳಿದಿರುತ್ತದೆ. ಇವುಗಳನ್ನು ಕಳೆದು ಉಳಿದ ದಿನಗಳ ಸಂಖ್ಯೆಯಿಂದ ಪಾಠಗಳ ಸಂಖ್ಯೆಯನ್ನು ಭಾಗಿಸಿದರೆ ಒಂದು ದಿನದ ಪಾಲು ದೊರೆಯುತ್ತದೆ. ಅದು ಸಾಮಾನ್ಯವಾಗಿ ಭಯಪಡುವಷ್ಟು ದೊಡ್ಡದಾಗಿರುವುದಿಲ್ಲ. ದೊಡ್ಡದಾಗುವುದು ಅದನ್ನು ನಾಳೆಗೆ ತಳ್ಳಿದಾಗ. ಲೆಕ್ಕದಲ್ಲಿ ಒಂದೆರಡು ವಾರಗಳನ್ನು ಕಾಯಿಲೆಗೂ ಅನಿರೀಕ್ಷಿತ ಕೆಲಸಕ್ಕೂ ಬಿಟ್ಟಿರಬೇಕು. ಜಲಾಶಯದಲ್ಲಿ ಪ್ರವಾಹಕ್ಕೆಂದು ಜಾಗವನ್ನು ಬಿಟ್ಟಿರುವಂತೆ.

1912ರ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದರು. ಆರು ವರ್ಷಗಳ ಅವರ ಆಡಳಿತದಲ್ಲಿ ಶಾಲೆಗಳ ಸಂಖ್ಯೆ ಸುಮಾರು 4,500ರಿಂದ 10,500ಕ್ಕೆ ಏರಿತು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದುವು. ಶಾಲೆಗೆ ಬರುವ ವಯಸ್ಸು ಮೀರಿದವರೂ ಕಲಿಯಬೇಕೆಂಬುದು ಅವರ ಹಂಬಲವಾಗಿತ್ತು. ವಯಸ್ಕರಿಗೆ ಅಕ್ಷರ ಕಲಿಸುವ ತರಗತಿಗಳಿಗೂ ಸಾರ್ವಜನಿಕ ಪುಸ್ತಕ ಭಂಡಾರಗಳಿಗೂ ಅವರ ಕಾಲದಲ್ಲಿ ಪ್ರೋತ್ಸಾಹ ದೊರೆಯಿತು. ಹಗಲು ದುಡಿಯುವವನಿಗೆ ಸಂಜೆಯಲ್ಲಾದರೂ ಪುಸ್ತಕ ಕೈಗೆ ಸಿಗಬೇಕೆಂಬುದರ ಅರ್ಥವನ್ನು ಸೆಂಟ್ರಲ್ ಕಾಲೇಜಿನ ಆ ಹಳೆಯ ವಿದ್ಯಾರ್ಥಿಗಿಂತ ಚೆನ್ನಾಗಿ ಬಲ್ಲವರು ವಿರಳ.

ಅವರ ಶಿಸ್ತು ಎಲ್ಲರಿಗೂ ಹಿತವಾಗಿತ್ತೆಂದು ಹೇಳುವಂತಿಲ್ಲ. ತಮ್ಮನ್ನು ಅಳೆದ ಕೋಲಿನಿಂದಲೇ ಅವರು ಇತರರನ್ನೂ ಅಳೆಯುತ್ತಿದ್ದರು. ಒಂದು ಬರಹವನ್ನು ಹಲವು ಬಾರಿ ತಿದ್ದಿ, ಮತ್ತೆ ಬರೆಯಿಸಿ, ಮತ್ತೆ ತಿದ್ದುತ್ತಿದ್ದುದರಿಂದ ಜೊತೆಯವರಿಗೆ ಆಯಾಸವಾಗುತ್ತಿತ್ತು. ನಿಗದಿಯಾದ ವೇಳೆಗೆ ಬಾರದವರಿಗೆ ಅವರಲ್ಲಿ ಸಲಿಗೆಯಿರಲಿಲ್ಲ. ಅಭಿಪ್ರಾಯಭೇದಗಳೂ ಬಂದುವು. ಸರ್ಕಾರಿ ಉದ್ಯೋಗಗಳಲ್ಲಿ ಹಿಂದುಳಿದ ವರ್ಗಗಳಿಗೆ ಪಾಲು ಕೊಡುವ ವಿಷಯದಲ್ಲಿ ಮಹಾರಾಜರ ನಿಲುವನ್ನು ಅವರು ಒಪ್ಪಲಿಲ್ಲ. 1918ರ ಕೊನೆಯಲ್ಲಿ ಅಧಿಕಾರವನ್ನು ಬಿಟ್ಟರು. ಆ ಪ್ರಶ್ನೆಯಲ್ಲಿ ಮುಂದಿನ ಕಾಲವು ಮಹಾರಾಜರ ನಿಲುವನ್ನೇ ಹೆಚ್ಚು ಎತ್ತಿಹಿಡಿದಿದೆ. ಇಷ್ಟನ್ನು ಹೇಳಿದರೆ ಅವರ ಹಿರಿಮೆಗೆ ಕುಂದೇನೂ ಬಾರದು.

ಅಧಿಕಾರ ಹೋದ ಮೇಲೆ ಅನೇಕರಿಗೆ ಹೊತ್ತು ಹೋಗುವುದೇ ಕಷ್ಟವಾಗುತ್ತದೆ. ಐವತ್ತೇಳನೆಯ ವಯಸ್ಸಿನಲ್ಲಿ ದಿವಾನಗಿರಿಯಿಂದ ಇಳಿದ ವಿಶ್ವೇಶ್ವರಯ್ಯನವರು ಇನ್ನೂ ನಾಲ್ಕು ದಶಕಗಳಿಗಿಂತ ಹೆಚ್ಚು ಕಾಲ ಬದುಕಿದ್ದರು. ಆ ಕಾಲವೆಲ್ಲ ಯಾರ ಅಪ್ಪಣೆಗೂ ಒಳಪಡದ ಕಾಲ. ಅವರ ವೇಳಾಪಟ್ಟಿ ಮಾತ್ರ ಸಡಿಲಗೊಳ್ಳಲಿಲ್ಲ. 1920ರಲ್ಲಿ ಭಾರತದ ಪುನರ್ನಿರ್ಮಾಣವನ್ನು ಕುರಿತೂ 1934ರಲ್ಲಿ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತೂ ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಪ್ರಕಟಿಸಿದರು. 1923ರಿಂದ 1929ರವರೆಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮಂಡಲಿಗೆ ಅಧ್ಯಕ್ಷರಾಗಿದ್ದು ಅದನ್ನು ನಷ್ಟದಿಂದ ಎತ್ತಿದರು. ಆ ಕೆಲಸಕ್ಕಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಅವರು ಸ್ವಂತಕ್ಕೆ ತೆಗೆದುಕೊಳ್ಳಲಿಲ್ಲ. ಅದರ ನೆರವಿನಿಂದ ತರುಣರಿಗೆ ಕೈಕಸುಬುಗಳನ್ನು ಕಲಿಸುವ ಸಂಸ್ಥೆಯೊಂದು 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅದಕ್ಕೆ ತಮ್ಮ ಹೆಸರಿಡಲು ಒಪ್ಪದೆ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಇಡಿಸಿದರು. ಎಂಬತ್ತೈದರ ಹೊತ್ತಿಗೆ ಕೈಗಾರಿಕೋದ್ಯಮಿಗಳ ತಂಡದೊಡನೆ ಮತ್ತೆ ಯೂರೋಪ್, ಅಮೆರಿಕಗಳಿಗೆ ಹೋಗಿ ಬಂದರು. 1951ರಲ್ಲಿ ತಮ್ಮ ಕೆಲಸದ ನೆನಪುಗಳನ್ನು ಪುಸ್ತಕರೂಪದಲ್ಲಿ ಹೊರತಂದರು. ತೊಂಬತ್ತು ದಾಟಿದ ಮೇಲೆಯೂ ಬಿಹಾರದ ಮೊಕಾಮಾದಲ್ಲಿ ಗಂಗೆಗೆ ಸೇತುವೆ ಕಟ್ಟುವ ಸ್ಥಳವನ್ನು ನಿರ್ಧರಿಸುವ ಕೆಲಸಕ್ಕೆ ಒಪ್ಪಿಕೊಂಡರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಸಂದಿತು.

ದೂರದಲ್ಲಿದ್ದು ಕಲಿಯುವ ಪದ್ಧತಿ ಪ್ರಪಂಚಕ್ಕೆ ಹೊಸದೇನೂ ಅಲ್ಲ. 1840ರಲ್ಲಿ ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ ಎಂಬಾತ ಆಗ ತಾನೆ ಅಗ್ಗವಾಗಿದ್ದ ಅಂಚೆಯನ್ನು ಬಳಸಿಕೊಂಡು ಶೀಘ್ರಲಿಪಿಯನ್ನು ಕಲಿಸಿದನು. 1858ರಿಂದ ಲಂಡನ್ ವಿಶ್ವವಿದ್ಯಾನಿಲಯವು ತನ್ನ ಕಾಲೇಜುಗಳಿಗೆ ಬಾರದವರಿಗೂ ಪರೀಕ್ಷೆಗೆ ಕೂರಲು ಅವಕಾಶ ಕೊಟ್ಟಿತು. ಭಾರತದಲ್ಲಿ ಇದಕ್ಕೆ ಇನ್ನೂ ನೂರು ವರ್ಷ ಹಿಡಿಯಿತು. ವಿಶ್ವೇಶ್ವರಯ್ಯನವರು 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು. ಅದೇ ವರ್ಷ ದೆಹಲಿ ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠ ಹೇಳುವ ಶಾಲೆಯನ್ನು ತೆರೆಯಿತು. 1969ರಲ್ಲಿ, ಅವರೇ ದುಡಿದು ಸ್ಥಾಪಿಸಿದ್ದ ಮೈಸೂರು ವಿಶ್ವವಿದ್ಯಾನಿಲಯವೂ ಅಂಥದೊಂದು ಸಂಸ್ಥೆಯನ್ನು ಆರಂಭಿಸಿತು. 1996ರಲ್ಲಿ ಆ ಸಂಸ್ಥೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ದುಡಿಯುತ್ತಿರುವವರು ಕೂಡ ಊರು ಬಿಡದೆ ಅದರಲ್ಲಿ ಹೆಸರು ನೋಂದಾಯಿಸಿ ಓದಬಹುದಾಗಿದೆ.